ಮಲೆನಾಡಿನ ತೇವಕ್ಕೆ ಬೋರ್ಡ್ ಎಷ್ಟು ಕ್ಲೀನ್ ಇರಬೇಕು? ನಾನು ನೋಡಿದ ಪರೀಕ್ಷೆಗಳು

ತೀರ್ಥಹಳ್ಳಿ, ಹೊಸನಗರ ಕಡೆ ಮಳೆ ಹಿಡಿಯಿತೆಂದರೆ ತೋಟದ ಪಂಪ್‌ಶೆಡ್ಡಿನಲ್ಲಿ ತೇವ ಆರುವುದೇ ಇಲ್ಲ. ಆಗ ಮೋಟಾರ್ ಓಡಿಸುವುದಿಲ್ಲ. ಆದರೆ ಸ್ಟಾರ್ಟರ್ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಇದ್ದೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ಬೆಸುಗೆಗೆ ಹಚ್ಚಿ ಉಳಿದ ಫ್ಲಕ್ಸ್, ಕೈಬೆವರಿನ ಉಪ್ಪು, ತೇವ, ವೋಲ್ಟೇಜ್ ಎಲ್ಲ ಸೇರಿದರೆ ಟ್ರ್ಯಾಕಿನ, ಅಂದರೆ ಬೋರ್ಡಿನ ಮೇಲೆ ಕರೆಂಟ್ ಹರಿಯುವ ಗೆರೆಯ, ಲೋಹ ಕರಗಿ, ಜರಿಗಿಡದ ಎಲೆಯ ಹಾಗೆ ಕವಲೊಡೆದು ಪಕ್ಕದ ಟ್ರ್ಯಾಕ್ ಮುಟ್ಟುತ್ತದೆ. ಶಿವಮೊಗ್ಗದ ನಮ್ಮ ವರ್ಕ್‌ಶಾಪಿನಲ್ಲಿ ಇಂಥ ಬೋರ್ಡ್‌ಗಳನ್ನೇ ಜೋಡಿಸುತ್ತೇವೆ. ಹಾಗಾಗಿ ಯಾವ ಪರೀಕ್ಷೆ ನಂಬಬೇಕು ಅನ್ನುವುದು ನನಗೆ ದಿನದ ಪ್ರಶ್ನೆ.

ಲೂಪ್ (ಭೂತಗನ್ನಡಿ) ಹಿಡಿದು ನೋಡುವುದು ಬೇಕು, ಸಾಲದು. ಬಿಳಿ ಪುಡಿ, ಅಂಟು ಕಾಣುತ್ತದೆ. ಉಪ್ಪು ಕಾಣುವುದಿಲ್ಲ.

ಮುಂದಿನದು ರೋಸ್ (ROSE) ಪರೀಕ್ಷೆ. 75 ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ), 25 ಭಾಗ ಡಿಐ ನೀರು, ಅಂದರೆ ಲವಣ ತೆಗೆದ ನೀರು, ಬೆರೆಸಿ ಬೋರ್ಡನ್ನು ಅದರಲ್ಲಿ ತೊಳೆದು, ಆ ದ್ರವದಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಅಳೆಯುವುದು. ಮೆಷಿನ್ ಇಲ್ಲದಿದ್ದರೆ ಜಿಪ್ ಕವರ್ ಮತ್ತು ಒಳ್ಳೆಯ ಕಂಡಕ್ಟಿವಿಟಿ ಮೀಟರ್‌ನಲ್ಲಿ ಅಂದಾಜು ನೋಡಬಹುದು. ಕುಡಿಯುವ ನೀರಿಗೆ ಬಳಸುವ ಟಿಡಿಎಸ್ ಪೆನ್ ಇಲ್ಲಿ ಸುಮ್ನೆ ದಂಡ, ಅಷ್ಟು ಸಣ್ಣ ವ್ಯತ್ಯಾಸ ಅದಕ್ಕೆ ಸಿಗುವುದಿಲ್ಲ. ರೋಸ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಬರುವುದು ಇಡೀ ಬೋರ್ಡಿನ ಸರಾಸರಿ. ಐಸಿಯ ಹೊಟ್ಟೆಯಡಿ ಕೂತ ಕೊಳೆ ಅದರಲ್ಲಿ ಮುಚ್ಚಿಹೋಗುತ್ತದೆ. ಚದರ ಸೆಂಟಿಮೀಟರಿಗೆ 1.56 ಮೈಕ್ರೋಗ್ರಾಂ ಉಪ್ಪಿಗೆ ಸಮವಾದ ಕೊಳೆ ಅನ್ನುವ ಮಿತಿ 1970ರ ದಶಕದ ಅಮೆರಿಕದ ಮಿಲಿಟರಿ ಬೋರ್ಡ್‌ಗಳ ಕಾಲದ್ದು. ಅದೊಂದೇ ಅಂಕಿ ನೋಡಿ ಪಾಸ್ ಮಾಡುವುದು ಸಾಲದು ಅಂತ ಎಲೆಕ್ಟ್ರಾನಿಕ್ಸ್ ಜೋಡಣೆಗೆ ಮಾನದಂಡ ಹಾಕುವ ಐಪಿಸಿ ಸಂಸ್ಥೆಯೇ 2018ರಲ್ಲಿ ನಿಯಮ ಬದಲಿಸಿತು. ದಿನದ ಕೆಲಸ ಹಳಿ ತಪ್ಪಿಲ್ಲ ಅಂತ ನೋಡಿಕೊಳ್ಳಲು ಮಾತ್ರ ನಾನಿದನ್ನು ಬಳಸುತ್ತೇನೆ.

ನನ್ನ ಮನಸ್ಸು ಒಪ್ಪಿದ್ದು ಎಸ್‌ಐಆರ್, ಅಂದರೆ ಬೋರ್ಡಿನ ಮೇಲ್ಮೈಯ ಇನ್ಸುಲೇಶನ್ ಪರೀಕ್ಷೆ. ಬೋರ್ಡಿನ ಮೂಲೆಯಲ್ಲಿ ಬಾಚಣಿಗೆ ಹಲ್ಲಿನ ಟ್ರ್ಯಾಕ್ ಬಿಟ್ಟು, ಅದಕ್ಕೆ ವೋಲ್ಟೇಜ್ ಕೊಟ್ಟು, ತೇವದಲ್ಲಿಟ್ಟು ಇನ್ಸುಲೇಶನ್ ಅಳೆಯುವುದು. ಐಪಿಸಿ ವಿಧಾನದಲ್ಲಿ 40 ಡಿಗ್ರಿ, ಶೇ. 90 ತೇವ, 168 ಗಂಟೆ. 100 ಮೆಗಾಓಮ್‌ಗಿಂತ ಕೆಳಗಿಳಿಯಬಾರದು. ಇಷ್ಟು ತೇವ ಹಿಡಿದಿಡುವ ಚೇಂಬರ್ ದುಬಾರಿ, ಅಲ್ವಾ? ನಾವು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಪೊಟ್ಯಾಶಿಯಂ ಸಲ್ಫೇಟ್ ದ್ರಾವಣ ಇಡುತ್ತೇವೆ. ತಳದಲ್ಲಿ ಕರಗದ ಪುಡಿ ಉಳಿಯುವಷ್ಟು ಹಾಕಿದರೆ ಒಳಗಿನ ತೇವ ಶೇ. 96–97ರ ಹತ್ತಿರ ನಿಲ್ಲುತ್ತದೆ. ಗೊಬ್ಬರದ ಅಂಗಡಿಯಲ್ಲಿ ಎಸ್‌ಒಪಿ ಅಂತ ಕೇಳಿದರೆ ಕೊಡುತ್ತಾರೆ. ಡಬ್ಬಿ ತಣ್ಣಗಾಗಿ ಬೋರ್ಡಿನ ಮೇಲೆ ಹನಿ ಕಟ್ಟಬಾರದು, ಕಟ್ಟಿದರೆ ಆ ಪರೀಕ್ಷೆ ಕೆಟ್ಟಂತೆಯೇ. ಇದು ಲ್ಯಾಬಿನ ಸರ್ಟಿಫಿಕೇಟ್‌ಗೆ ಸಮವಲ್ಲ. ಆದರೂ ನಮ್ಮ ಪಂಪ್‌ಶೆಡ್ಡಿನ ಸ್ಥಿತಿಗೆ ಇದರಷ್ಟು ಹತ್ತಿರದ ಪರೀಕ್ಷೆ ಬೇರೆ ಇಲ್ಲ.

ಬ್ರಷ್ಷಿನಲ್ಲಿ ಐಪಿಎ ಹಚ್ಚಿ ಅರ್ಧಂಬರ್ಧ ಉಜ್ಜಿದ ನೋ-ಕ್ಲೀನ್ (ತೊಳೆಯದೆ ಬಿಡಬಹುದಾದ) ಫ್ಲಕ್ಸಿನ ಬೋರ್ಡ್ ಸಿಕ್ಕಿಬೀಳುವುದೂ ಎಸ್‌ಐಆರ್‌ನಲ್ಲೇ. ಒಳಗಿನ ಆಮ್ಲವನ್ನು ಹಿಡಿದಿಟ್ಟ ರೆಸಿನ್ ಒಡೆದು, ಆಮ್ಲ ಮಾತ್ರ ಹರಡಿರುತ್ತದೆ. ಹಾಗೆ ಉಜ್ಜುವುದಕ್ಕಿಂತ ಮುಟ್ಟದೆ ಬಿಡುವುದೇ ಮೇಲು. ತೊಳೆಯುವುದಾದರೆ ಪೂರ್ತಿ ತೊಳೆಯಬೇಕು.

ಅಯಾನ್ ಕ್ರೊಮ್ಯಾಟೋಗ್ರಫಿಗೆ ಲ್ಯಾಬೇ ಬೇಕು, ಖರ್ಚೂ ಜಾಸ್ತಿ. ಆದರೆ ಕ್ಲೋರೈಡ್ ಎಷ್ಟು, ಸಲ್ಫೇಟ್ ಎಷ್ಟು, ಫ್ಲಕ್ಸಿನ ಆಮ್ಲ ಎಷ್ಟು ಅಂತ ಬಿಡಿಸಿ ಹೇಳುವುದು ಅದೊಂದೇ. ಹೊಸ ಬೋರ್ಡಿಗೆ ಪ್ರತಿ ಸಲ ಬೇಡ. ತೋಟದಿಂದ ಕೆಟ್ಟು ವಾಪಸ್ ಬಂದದ್ದಕ್ಕೆ ಮಾಡಿಸಿ, ಸಲ್ಫೇಟ್ ಅಂಕಿಯನ್ನು ತಪ್ಪದೆ ಕೇಳಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ಅದೇ ಕೈಯಲ್ಲಿ ಪ್ಯಾನೆಲ್ ತೆಗೆದಿದ್ದರೆ ಅದರ ಗುರುತು ಸಲ್ಫೇಟಿನಲ್ಲಿ ಸಿಗಬಹುದು.