ಜಿಲ್ಲಾ ಗ್ರಾಹಕ ಆಯೋಗದಲ್ಲಿ ನನ್ನ ದೂರು: ಒಂದು ಅನುಭವ

ಕೊಂಡ ನಾಲ್ಕೇ ತಿಂಗಳಿಗೆ ಕಂಪ್ರೆಸರ್ ಕೆಟ್ಟ ಫ್ರಿಜ್ಜನ್ನು ಬದಲಿಸಿಕೊಡಲು ಅಂಗಡಿಯವರೂ ಕಂಪನಿಯವರೂ ಒಪ್ಪದಿದ್ದಾಗ ನಾನು ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನನ್ನ ವಾದವನ್ನು ನಾನೇ ಮಂಡಿಸಿದೆ.

ಮೊದಲ ವಿಚಾರಣೆಯ ದಿನ ನನಗೆ ಬೇಸರವಾಗಿತ್ತೆಂದು ಒಪ್ಪಿಕೊಳ್ಳಬೇಕು. ಇದು ಗ್ರಾಹಕರಿಗಾಗಿಯೇ ಇರುವ ಆಯೋಗವಾದ್ದರಿಂದ ಪೀಠ ನನ್ನ ಪರವಾಗಿಯೇ ಇರುತ್ತದೆಂದು ಭಾವಿಸಿ ಹೋಗಿದ್ದ ನನ್ನನ್ನು ಅಧ್ಯಕ್ಷರು, ಸ್ಟೆಬಿಲೈಸರ್ ಹಾಕಿಸಿದ್ದು ಯಾವಾಗ, ವಾರಂಟಿ ಕಾರ್ಡಿನ ಷರತ್ತುಗಳನ್ನು ಓದಿದ್ದಿರಾ ಎಂದು ನೇರವಾಗಿ ಪ್ರಶ್ನಿಸಿದರು. ಮೊದಲ ಮೂರು ವಾರ ಸ್ಟೆಬಿಲೈಸರ್ ಇರಲಿಲ್ಲವೆಂಬುದನ್ನು ನಾನು ಹೇಳಲೇಬೇಕಾಯಿತು. ಆದರೆ ಕಂಪನಿಯ ವಕೀಲರು ವೋಲ್ಟೇಜ್ ಏರಿಳಿತವೇ ಕಾರಣವೆಂದಾಗಲೂ ಅದೇ ದನಿಯಲ್ಲಿ, ಅದಕ್ಕೆ ಪುರಾವೆ ಎಲ್ಲಿ, ನಿಮ್ಮ ತಂತ್ರಜ್ಞರ ವರದಿಯಲ್ಲಿ ಆ ಮಾತೇಕೆ ಇಲ್ಲ ಎಂದು ಕೇಳಿದರು. ಉತ್ತರ ಬರಲಿಲ್ಲ. ನನ್ನ ಬೇಸರ ಕಳೆದದ್ದು ಆಗ.

ಬೆಲೆಯ ಜೊತೆಗೆ ಮಾನಸಿಕ ಯಾತನೆಗೆಂದು ನಾನು ಕೇಳಿದ್ದು 1 ಲಕ್ಷ ರೂಪಾಯಿ. ಬೆಲೆಯನ್ನು ಪೂರ್ತಿ ಹಿಂದಿರುಗಿಸಲು ಹೇಳಿದ ಆದೇಶ, ಯಾತನೆಗೆ 5,000 ರೂಪಾಯಿಯನ್ನಷ್ಟೇ ಮಂಜೂರು ಮಾಡಿತು. ಹೆಚ್ಚಿನ ಮೊತ್ತಕ್ಕೆ ನಾನು ಯಾವ ಆಧಾರವನ್ನೂ ಹಾಜರುಪಡಿಸಿಲ್ಲವೆಂದು ಅದರಲ್ಲಿ ಬರೆದಿತ್ತು, ಅದು ನಿಜವೂ ಆಗಿತ್ತು. ಸ್ಟೆಬಿಲೈಸರ್ ಕುರಿತ ನನ್ನ ಒಪ್ಪಿಗೆಯನ್ನೂ ಮುಚ್ಚಿಡದೆ ದಾಖಲಿಸಿ, ಅದು ದೋಷಕ್ಕೆ ಕಾರಣವೆಂದು ಎದುರುದಾರರು ಸಾಬೀತುಪಡಿಸಿಲ್ಲವೆಂದು ವಿವರಿಸಿದ್ದರು. ಸೋತ ಅಂಶಕ್ಕೂ ಕಾರಣ ಕೊಟ್ಟ ಆ ಎರಡು ಪುಟಗಳು ನನಗೆ ಸಿಕ್ಕ ಹಣಕ್ಕಿಂತ ದೊಡ್ಡವೆನಿಸಿದವು.

ವಿಳಂಬವನ್ನು ಮಾತ್ರ ಮೆಚ್ಚಲಾರೆ. ವಸ್ತುವಿನ ಪರೀಕ್ಷೆ ಬೇಕಿಲ್ಲದ ದೂರುಗಳನ್ನು ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನನ್ನದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ವಾಯಿದೆ ಕೇಳಿದವರಿಗೆ ವಾಯಿದೆ ಸಿಗುತ್ತಿದ್ದರೆ, ಕೂಲಿ ಬಿಟ್ಟು ಬರುವ ದೂರುದಾರರಿಗೆ ಅದು ಸಮಾನ ನ್ಯಾಯವಾಗುವುದಿಲ್ಲ. ದೂರು ಕೊಡುವವರು ರಸೀದಿ, ವಾರಂಟಿ ಕಾರ್ಡು, ಸರ್ವೀಸ್ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ, ತಮ್ಮ ತಪ್ಪೇನಾದರೂ ಇದ್ದರೆ ಅದನ್ನೂ ಮೊದಲೇ ಬರೆದುಕೊಡಿ.

ಮೇಲ್ಮನವಿಗೆ ಇದ್ದ 45 ದಿನಗಳನ್ನು ನಾನೂ ಬಳಸಲಿಲ್ಲ, ಕಂಪನಿಯವರೂ ಬಳಸಲಿಲ್ಲ. ಅದು ಮುಗಿಯುವ ಮೊದಲೇ ಹಣ ನನ್ನ ಖಾತೆಗೆ ಬಂದಿತ್ತು.