ಡಬ್ಬಿ ಮೇಲೆ ಸಾವಿರ ಪಟ್ಟು, ಒಳಗೆ ಅಷ್ಟಿಲ್ಲ

ಮೊಬೈಲಿಗೆ ಸಿಕ್ಕಿಸುವ ಈ ಮೈಕ್ರೋಸ್ಕೋಪ್ ತಗೊಂಡು ಎರಡು ತಿಂಗಳಾಯಿತು. ಸಾವಿರ ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಡಬ್ಬಿ ಮೇಲೆ ಬರೆದಿದ್ದಾರೆ. ನಂಬಬೇಡಿ. ನಮ್ಮ ತುಮಕೂರು ಅಮಾನಿಕೆರೆ ನೀರು ಒಂದು ಹನಿ ಇಟ್ಟು ನೋಡಿದೆ, ಸೈಕ್ಲಾಪ್ಸ್ ಅನ್ನುವ ಕೆರೆನೀರಿನ ಪುಟ್ಟ ಜೀವಿ ಬರೀ ಚುಕ್ಕಿ ಥರ ಕುಪ್ಪಳಿಸಿತು, ಅದರ ಒಂಟಿ ಕಣ್ಣು ಕಾಣಲೇ ಇಲ್ಲ.

ಆದರೆ ನನಗೆ ಬೇಕಾಗಿದ್ದೇ ಬೇರೆ. ರಾಮೇಶ್ವರಕ್ಕೆ ಹೋದಾಗ ಮಂಟಪಂ ದಡದಲ್ಲಿ ಅಲೆ ತಂದು ಹಾಕಿದ್ದ ಕಡಲಹುಲ್ಲು ಸಿಕ್ಕಿತು. ಪಾಚಿ ಅಲ್ಲ, ಬೇರು, ಹೂವು ಎಲ್ಲ ಇರುವ ಗಿಡವೇ. ಅಲ್ಲಿನ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿ.ಮೀ. ಜಾಗ ಡುಗಾಂಗ್ ಅನ್ನುವ ಕಡಲಹಸುವಿಗೆ ಮೀಸಲಿಟ್ಟರಲ್ಲ, ಅದು ಮೇಯುವುದು ಈ ಹುಲ್ಲನ್ನೇ. ನಾಲ್ಕು ಎಸಳು ಬಾಟಲಿಗೆ ಹಾಕಿ ಅಲ್ಲಾಡಿಸಿದೆ, ತಳದಲ್ಲಿ ಅಕ್ಕಿನುಚ್ಚಿನ ಥರ ಏನೋ ಓಡಾಡಿತು. ಸ್ಪಿರಿಟ್‌ನಲ್ಲಿ ಹಾಕಿ ತಂದೆ.

ಈ ಅಳತೆಯ ಜೀವಿಗೆ ಮಾತ್ರ ಇದು ಒಳ್ಳೇ ಸಾಮಾನು. ಆಂಫಿಪಾಡ್ ಅನ್ನುವ, ಸೀಗಡಿ-ಏಡಿ ಬಳಗದ ಪುಟ್ಟ ಜೀವಿ ಒಂದನ್ನು ಕಪ್ಪು ಕಾಗದದ ಮೇಲೆ ಮಲಗಿಸಿದೆ. ಎರಡೂ ಪಕ್ಕ ಅದುಮಿದ ಹಾಗೆ ಚಪ್ಪಟೆ, ಬಾಗಿದ ಬೆನ್ನು, ಕಾಲುಗಳ ನಡುವೆ ಒಂದು ಚೀಲ, ಚೀಲದೊಳಗೆ ಒತ್ತೊತ್ತಾಗಿ ಮೊಟ್ಟೆ. ಎಣಿಸಿದೆ, ಹನ್ನೊಂದು. ಇವು ಮೊಟ್ಟೆಯನ್ನು ನೀರಿಗೆ ಬಿಡಲ್ಲ, ಚೀಲದಲ್ಲೇ ಮರಿಯಾಗಿ ತಾಯಿಯ ರೂಪದಲ್ಲೇ ಹೊರಗೆ ಬರುತ್ತವೆ. ಇನ್ನೊಂದು ಐಸೊಪಾಡ್, ನಮ್ಮ ಹೂಕುಂಡ ಎತ್ತಿದರೆ ಉಂಡೆಯಾಗಿ ಸುತ್ತಿಕೊಳ್ಳುವ ಬೂದು ಹುಳದ ನೆಂಟ.

ಇಂಥವು ಎಸಳಿಗೆ ಅಂಟಿದ ಪಾಚಿ ಕೆರೆದು ತಿನ್ನುತ್ತವೆ. ಇಲ್ಲದಿದ್ದರೆ ಪಾಚಿ ದಪ್ಪಗೆ ಬೆಳೆದು ಹುಲ್ಲಿಗೆ ಬಿಸಿಲು ಸಿಗಲ್ಲ. ಇವನ್ನು ಮೀನು, ಕಡಲಕುದುರೆ ತಿನ್ನುತ್ತವೆ. ಅಮ್ಮ ಸ್ಕ್ರೀನ್ ನೋಡಿ "ಸೀಗಡಿ ಮರಿನಾ? ಸಾರಿಗೆ ಸಾಲಲ್ಲ ಬಿಡು" ಅಂದರು!

ಈಗ ದೂರು. ಸ್ಟ್ಯಾಂಡ್ ಲೊಡಲೊಡ, ಟೇಬಲ್ ಮೇಲೆ ಲೋಟ ಇಟ್ಟರೂ ಚಿತ್ರ ಅಲ್ಲಾಡುತ್ತೆ. ಮಾರಿದವರಿಗೆ ಮೂರು ಸಲ ಬರೆದೆ, ಉತ್ತರ ಇಲ್ಲ. ಕೊನೆಗೆ ಸ್ಟ್ಯಾಂಡ್ ಬಿಟ್ಟು ಎರಡು ಇಟ್ಟಿಗೆ ಮಧ್ಯೆ ಸಿಕ್ಕಿಸಿದೆ, ಈಗ ಪರವಾಗಿಲ್ಲ. ಲೈಟ್ ಜಾಸ್ತಿ ಆದರೆ ಸ್ಪಿರಿಟ್ ಮೇಲೆ ಹೊಳೆಯುತ್ತೆ, ಪೂರ್ತಿ ಆರಿಸಿ ಕಿಟಕಿ ಬೆಳಕಲ್ಲಿ ನೋಡಿ.

1,400 ಕೊಟ್ಟೆ. ಸಾವಿರಕ್ಕೆ ಸಿಕ್ಕಿದರೆ ತಗೊಳ್ಳಿ. ನಿನ್ನೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ಒಂದು ಹುಳ ಹಿಡ್ಕೊಂಡು ಬಂದು "ಇದನ್ನೂ ಇಡು" ಅಂದರು. ಅದೂ ಚೆನ್ನಾಗಿ ಕಂಡಿತು.