ಸ್ವೀಪ್ ಪಿಕಿಂಗ್‌ಗೆ ಜಾಝ್ ತ್ರೀ ಪಿಕ್: ಮೂರು ವರ್ಷ ಬಳಸಿದ ಮೇಲೆ

ಡನ್‌ಲಪ್ ಕಂಪನಿಯ ಜಾಝ್ ತ್ರೀ ಎಂಬ ಕೆಂಪು ನೈಲಾನ್ ಪಿಕ್ಕನ್ನು, ಅಂದರೆ ಗಿಟಾರಿನ ತಂತಿ ಮೀಟುವ ಬಿಲ್ಲೆಯನ್ನು, ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ಸಾಮಾನ್ಯ ಪಿಕ್‌ಗಿಂತ ಗಾತ್ರದಲ್ಲಿ ಚಿಕ್ಕದು, ದಪ್ಪ 1.38 ಮಿಲಿಮೀಟರ್, ತುದಿ ಚೂಪು. ಬೆಲೆ ದರ್ಶಿನಿಯ ಒಂದು ಮಸಾಲೆ ದೋಸೆಯ ಆಸುಪಾಸು. ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟುದ್ದ ಬರೆಯಲು ಕಾರಣವಿದೆ. ಗಿಟಾರ್, ಆಂಪ್ಲಿಫೈಯರ್, ಪೆಡಲ್‌ಗಳಿಗೆ ಸಾವಿರಾರು ರೂಪಾಯಿ ಸುರಿಯುವ ನಾವು, ಪಿಕ್ ಮಾತ್ರ ಅಂಗಡಿಯವರು ಗಿಟಾರಿನ ಜೊತೆ ಕೊಟ್ಟದ್ದನ್ನೇ ಇಟ್ಟುಕೊಂಡುಬಿಡುತ್ತೇವೆ. ಸ್ವೀಪ್ ಕಲಿಯಲು ಹೊರಟ ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ.

ಗೊತ್ತಿಲ್ಲದವರಿಗೆ ಒಂದು ಮಾತು. ಪ್ರತಿ ಸ್ವರಕ್ಕೂ ಕೈಯನ್ನು ಮೇಲೆ ಕೆಳಗೆ ಆಡಿಸದೆ, ಪಿಕ್ಕನ್ನು ಒಂದೇ ದಿಕ್ಕಿನಲ್ಲಿ ತಂತಿಯಿಂದ ತಂತಿಗೆ ಜಾರಿಸುತ್ತಾ ಹೋಗುವುದು ಸ್ವೀಪ್ ಪಿಕಿಂಗ್. ಸ್ವರಗಳು ಒಂದರೊಳಗೊಂದು ಬೆರೆತರೆ ಅದು ಬರೀ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ಮೊಳಗುವ ಗುಚ್ಛ. ಮುತ್ತು ಪೋಣಿಸಿದಂತೆ ಬಿಡಿಬಿಡಿಯಾಗಿ ಕೇಳಿಸಿದರೆ ಮಾತ್ರ ಸ್ವೀಪ್. 1950ರ ದಶಕದಲ್ಲಿ ಟಾಲ್ ಫಾರ್ಲೋ, ಬಾರ್ನಿ ಕೆಸೆಲ್ ಅವರಂಥ ಜಾಝ್ ವಾದಕರ ಕೈಯಲ್ಲಿದ್ದ ಈ ತಂತ್ರವನ್ನು ಫ್ರಾಂಕ್ ಗಂಬಾಲೆ ತಮ್ಮದೇ ಪದ್ಧತಿಯಾಗಿ ಬೆಳೆಸಿದರು. 1980ರ ದಶಕದಲ್ಲಿ ಇಂಗ್ವೆ ಮಾಲ್ಮ್‌ಸ್ಟೀನ್, ಜೇಸನ್ ಬೆಕರ್ ಮುಂತಾದವರು ಅದನ್ನು ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತಕ್ಕೆ ತಂದರು. ಈ ಪಿಕ್ಕಿನ ಹೆಸರಿನಲ್ಲಿ ಜಾಝ್ ಇದ್ದರೂ ಮೆಟಲ್ ನುಡಿಸುವವರು ಇದನ್ನು ಇಷ್ಟು ಹಚ್ಚಿಕೊಂಡಿರುವುದನ್ನು ಕಂಡಾಗ ನನಗೆ ಆ ಹಾದಿಯೇ ನೆನಪಾಗುತ್ತದೆ.

ನನ್ನ ಹಳೆಯ ಪಿಕ್ 0.73 ಮಿಲಿಮೀಟರಿನದು. ಕಾರ್ಡ್ ಬಾರಿಸಲು ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಆದರೆ ತಂತಿಗೆ ತಾಗಿದೊಡನೆ ಬಾಗುತ್ತದೆ, ಬಾಗಿದ್ದು ನೆಟ್ಟಗಾಗುವಷ್ಟರಲ್ಲಿ ಮುಂದಿನ ಸ್ವರದ ಹೊತ್ತು ದಾಟಿರುತ್ತದೆ. ಜಾಝ್ ತ್ರೀ ಬಾಗುವುದಿಲ್ಲ. ಒಂದು ತಂತಿಯನ್ನು ದಾಟಿ ಮುಂದಿನದಕ್ಕೆ ಒರಗಿ ನಿಲ್ಲುತ್ತದೆ, ನಾನು ಹೇಳುವವರೆಗೂ ಕಾಯುತ್ತದೆ. ಸ್ವೀಪ್‌ನ ಜೀವ ಇರುವುದು ಈ ಒರಗಿ ಕಾಯುವುದರಲ್ಲಿ. ಹೋಗುವ ದಿಕ್ಕಿಗೆ ಪಿಕ್ಕಿನ ಮೈಯನ್ನು ತುಸು ವಾಲಿಸಿದರೆ ತುದಿ ಹಿಂದೆ ಉಳಿದು ತಂತಿಯ ಮೇಲೆ ನಯವಾಗಿ ಜಾರುತ್ತದೆ. ಹಿಂದಿರುಗುವಾಗ ಇನ್ನೊಂದು ಕಡೆಗೆ ವಾಲಿಸಬೇಕು. ಪಿಕ್ ಚಿಕ್ಕದಾಗಿರುವುದರಿಂದ ಬೆರಳಿನಿಂದ ಆಚೆ ಚಾಚುವ ಭಾಗವೂ ಕಡಿಮೆ. ತಂತಿಯ ಕೆಳಗೆ ಆಳಕ್ಕೆ ಇಳಿದು ಸಿಕ್ಕಿಕೊಳ್ಳುವ ಕಾಟ ನನಗೆ ಎರಡೇ ವಾರದಲ್ಲಿ ತಪ್ಪಿತು.

ಆದರೂ ನುಡಿಸಿದ್ದು ಕಲಸಿಹೋಗುತ್ತಿತ್ತು. ಹನುಮಂತನಗರದಲ್ಲಿ ನಾವಿರುವುದು ಮೊದಲ ಮಹಡಿ, ಕೆಳಗೆ ಮನೆಯ ಮಾಲೀಕರು. ಅವರ ತಾಯಿ ನಲವತ್ತು ವರ್ಷ ವೀಣೆ ನುಡಿಸಿದವರು. ಒಂದು ಭಾನುವಾರ ಮಧ್ಯಾಹ್ನ ಸದ್ದು ತಗ್ಗಿಸಿಕೊಂಡು ಎ ಮೈನರ್ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಸಾಧನೆ ಮಾಡುತ್ತಿದ್ದೆ: ಮೂರನೆಯ ತಂತಿಯ 14ನೇ ಫ್ರೆಟ್ (ವೀಣೆಯ ಮೆಟ್ಟಿಲಿನಂಥದ್ದು), ಎರಡನೆಯದರ 13, ಮೊದಲನೆಯದರ 12, ಅಲ್ಲಿಂದ ಕಿರುಬೆರಳು ಬಡಿದು 17, ಮತ್ತೆ 12, 13. ಅಜ್ಜಿ ಬಟ್ಟೆ ಒಣಹಾಕಲು ಮೇಲೆ ಬಂದವರು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತರು.

"ಬಲಗೈ ಸರಿಯಾಗಿದೆ ಕಣಪ್ಪ. ಎಡಗೈ ಬೆರಳು ಏಳುವುದು ತಡವಾಗುತ್ತಿದೆ. ಹಿಂದಿನ ಸ್ವರ ಇನ್ನೂ ಅಲ್ಲೇ ಇದೆಯಲ್ಲ, ಮುಂದಿನದು ಎಲ್ಲಿ ಕೂರಬೇಕು?"

"ಬೆರಳು ಪೂರ್ತಿ ತೆಗೆದರೆ ತಂತಿ ಇನ್ನೊಂದು ಸದ್ದು ಮಾಡುತ್ತದೆ ಅಜ್ಜಿ."

"ಪೂರ್ತಿ ಯಾಕೆ ತೆಗೆಯುತ್ತೀ? ಒತ್ತುವುದನ್ನು ಬಿಡು, ಮುಟ್ಟುವುದನ್ನು ಬಿಡಬೇಡ. ಮೊದಲು ಬಾಯಲ್ಲಿ ಹಾಡು."

ಆ ಹದಿನೈದು ನಿಮಿಷ ನನಗೆ ತಿಂಗಳುಗಟ್ಟಲೆಯ ಸಾಧನೆಗಿಂತ ಹೆಚ್ಚು ಕಲಿಸಿತು. ಎ ಸ್ವರವನ್ನು ಷಡ್ಜವೆಂದುಕೊಂಡರೆ ನನ್ನ ಆರ್ಪೆಜಿಯೊ ಸಾಧಾರಣ ಗಾಂಧಾರದ ಸ ಗ ಪ ಸ, ಅಷ್ಟೇ. ಆರು ಸ್ವರದ ಸುತ್ತು ತಕಿಟ ತಕಿಟಕ್ಕೆ ಸರಿಯಾಗಿ ಕೂರುತ್ತದೆ. ಅಂತರ ಗಾಂಧಾರ ಹಿಡಿದು ಕೈಶಿಕಿ ನಿಷಾದ ಸೇರಿಸಿದರೆ ಬಾಲಮುರಳಿಕೃಷ್ಣ ಅವರು ನಾಲ್ಕೇ ಸ್ವರಗಳಲ್ಲಿ ಸೃಷ್ಟಿಸಿದ ಮಹತಿ ರಾಗವಾಗುತ್ತದೆ ಎಂದು ಅಜ್ಜಿಯೇ ಹಾಡಿ ತೋರಿಸಿದರು. ಪಾಶ್ಚಾತ್ಯರು ಡಾಮಿನೆಂಟ್ ಸೆವೆಂತ್ ಎನ್ನುವ ಆರ್ಪೆಜಿಯೊದ ಸ್ವರಗಳೂ ಅವೇ. ಅಂದಿನಿಂದ ಬಾಯಲ್ಲಿ ಬಾರದ್ದನ್ನು ಪಿಕ್ಕಿನಿಂದ ಎಳೆಯಲು ಹೋಗುವುದಿಲ್ಲ.

ಹೀಗಾಗಿ ಪಿಕ್ ಬದಲಿಸಿದೊಡನೆ ವೇಗ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಾಝ್ ತ್ರೀ ಮಾಡುವ ಉಪಕಾರ ಬೇರೆ: ತಪ್ಪನ್ನು ಮುಚ್ಚುವುದಿಲ್ಲ. ಚೂಪು ತುದಿ ಪ್ರತಿ ಮೀಟನ್ನೂ ಬಿಡಿಸಿ ತೋರಿಸುತ್ತದೆ, ಎಡಗೈ ಎಲ್ಲಿ ಹಿಂದೆ ಬಿತ್ತು ಎಂಬುದು ತಕ್ಷಣ ಕಿವಿಗೆ ಬೀಳುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಪರಿಣಾಮ) ಇಲ್ಲದ ಶುದ್ಧ ಸದ್ದಿನಲ್ಲೇ ಮೊದಲು ನುಡಿಸಿ. ಫ್ರೆಟ್‌ಬೋರ್ಡಿನ ತುದಿಗೆ ಕೂದಲಿನ ರಬ್ಬರ್ ಬ್ಯಾಂಡ್ ಸುತ್ತಿ ತಂತಿಗಳ ಗುಂಯ್‌ಗುಡುವಿಕೆಯನ್ನು ಅಡಗಿಸುವವರಿದ್ದಾರೆ. ಧ್ವನಿಮುದ್ರಣಕ್ಕೆ ಅದು ಸರಿ, ಕಲಿಯುವ ಕಾಲಕ್ಕೆ ಬೇಡ. ತಾಳ ಹಾಕುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು, ಬಡಿತಕ್ಕೆ ಆರು ಸ್ವರದಂತೆ ಆರಂಭಿಸಿದ ನಾನು ಈಗ 84ರಲ್ಲಿ ಸ್ವಚ್ಛವಾಗಿ ನುಡಿಸುತ್ತೇನೆ. ಎಂದರೆ ಸೆಕೆಂಡಿಗೆ ಎಂಟಕ್ಕಿಂತ ಸ್ವಲ್ಪ ಹೆಚ್ಚು ಸ್ವರ. ಇದಕ್ಕೆ ಹಿಡಿದದ್ದು ದಿನಕ್ಕೆ ಅರ್ಧ ಗಂಟೆಯಂತೆ ಮೂರು ವರ್ಷ.

ಕೊರತೆಗಳೂ ಇವೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆರಳು ಬೆವರಿದರೆ ಜಾರುತ್ತದೆ. ಉಬ್ಬು ಅಕ್ಷರಗಳ ಹಿಡಿತ ಸಾಲದು. ಆ ತಿಂಗಳುಗಳಿಗೆಂದೇ ಮೈ ತರಿತರಿಯಾಗಿರುವ ಮ್ಯಾಕ್ಸ್ ಗ್ರಿಪ್ ಮಾದರಿಯನ್ನು ಇಟ್ಟುಕೊಂಡಿದ್ದೇನೆ. ನನ್ನ ಬಳಕೆಯಲ್ಲಿ ನಾಲ್ಕು ತಿಂಗಳಿಗೆ ತುದಿ ಮೊಂಡಾಗುತ್ತದೆ, ಆಗ ಕಾರ್ಡ್ ಬಾರಿಸುವ ಪಿಕ್ ಡಬ್ಬಿಗೆ ಸೇರಿಸುತ್ತೇನೆ. ಅಲ್ಟೆಕ್ಸ್ ಎಂಬ ಗಡುಸು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಇದೇ ಆಕಾರದ ಪಿಕ್ ಇನ್ನೂ ಮೊನಚಾದ ಸದ್ದು ಕೊಡುತ್ತದೆ, ಆದರೆ ತಂತಿಗೆ ತಾಗುವ ಟಿಕ್ ಟಿಕ್ ನನಗೆ ಹಿಡಿಸಲಿಲ್ಲ. ಕೈ ದೊಡ್ಡದಿರುವವರು ಇದರ ದೊಡ್ಡ ಗಾತ್ರದ ಎಕ್ಸ್‌ಎಲ್ ನೋಡಬಹುದು. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನಿನಲ್ಲಿ ಡಜನ್ ತರಿಸಿದೆ. ಅಂಚಿನಲ್ಲಿ ಅಚ್ಚಿನ ಗೀರು ಎದ್ದಿತ್ತು, ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು, ಹನ್ನೆರಡೂ ನಕಲಿ. ಅಂದಿನಿಂದ ವಾದ್ಯದ ಅಂಗಡಿಗೆ ಹೋಗಿ ಮುಟ್ಟಿ ನೋಡಿಯೇ ಕೊಳ್ಳುತ್ತೇನೆ.

ಇನ್ನು ನನಗೆ ಉಳಿದಿರುವುದು ಇದೇ ಆರ್ಪೆಜಿಯೊದ ಐದು ತಂತಿಯ ಆಕಾರ. ಅದರಲ್ಲಿ ನಾಲ್ಕನೆಯ ಮತ್ತು ಮೂರನೆಯ ತಂತಿಗಳೆರಡರಲ್ಲೂ 14ನೇ ಫ್ರೆಟ್ಟೇ ಬರುತ್ತದೆ. ಉಂಗುರ ಬೆರಳು ಒಂದರಿಂದ ಇನ್ನೊಂದಕ್ಕೆ ಹೊರಳಬೇಕು. 60ರ ಆಚೆ ಅಲ್ಲಿ ಇನ್ನೂ ಎರಡು ಸ್ವರ ಅಂಟಿಕೊಳ್ಳುತ್ತವೆ. ಕೆಂಪಿಗಿಂತ ಗಡುಸಾದ ಕಪ್ಪು ಜಾಝ್ ತ್ರೀ ಕಳೆದ ವಾರ ತಂದಿದ್ದೇನೆ, ಆದರೆ ಅಜ್ಜಿ ಕೇಳಿ ಹೇಳಿದ್ದು ಈ ಸಲವೂ ಎಡಗೈ ಎಂದೇ.